ರಾಷ್ಟ್ರಪತಿಯವರ ಹೊಣೆ ಎಷ್ಟು? ಜಿಲ್ಲೆಯ ಸಂಘಟನೆಗಳ ಮುಖಂಡರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಚಿತ್ರದುರ್ಗ ಜಿಲ್ಲೆಯ ರೈತ, ಕಾರ್ಮಿಕ, ದಲಿತ, ಮಹಿಳಾ ಮತ್ತು ವಿದ್ಯಾರ್ಥಿ ಸಂಘಟನೆಗಳ ಮಾನ್ಯ ಮುಖಂಡರು.

ವಿಷಯ: ರಾಷ್ಟ್ರಪತಿಯವರ ಹೆಸರಿಗೆ ಸಲ್ಲಿಸುತ್ತಿರುವ ಮನವಿಪತ್ರಗಳು ಹಾಗೂ ದೇಶದ ಸಮಸ್ಯೆಗಳಿಗೆ ಅವರು ಎಷ್ಟರಮಟ್ಟಿಗೆ ಹೊಣೆ ಎಂಬುದರ ಬಗ್ಗೆ.

ಮಾನ್ಯರೇ,

ಒನಕೆ ಓಬವ್ವ ವೃತ್ತದಲ್ಲಿ ಧರಣಿ ನಡೆಸಿ ಜಿಲ್ಲಾಧಿಕಾರಿಗಳ ಕೈಗೆ ಕೊಡುವ ಮನವಿಪತ್ರದ ತಲೆಯಲ್ಲಿ ‘ಸನ್ಮಾನ್ಯ ರಾಷ್ಟ್ರಪತಿಗಳಿಗೆ, ಮಾನ್ಯ ಜಿಲ್ಲಾಧಿಕಾರಿಗಳ ಮೂಲಕ’ ಎಂದು ಬರೆಯುವ ರೂಢಿ ನಮ್ಮ ಜಿಲ್ಲೆಯಲ್ಲಿ ಬಹಳ ಹಳೆಯದು. ತಾಲ್ಲೂಕು ಕೇಂದ್ರಗಳಲ್ಲಿ ಅದೇ ಪತ್ರ ತಹಶೀಲ್ದಾರರ ಮೂಲಕ ಹೋಗುತ್ತದೆ. ಕಂದಾಯ ಇಲಾಖೆಯಲ್ಲಿ ದುಡಿದು ಶಿರಸ್ತೇದಾರನಾಗಿ ನಿವೃತ್ತನಾದ ನಾನು ಇಂಥ ಪತ್ರಗಳನ್ನು ಸ್ವೀಕರಿಸಿದ್ದೇನೆ, ಟಪಾಲು ವಹಿಗೆ ಏರಿಸಿದ್ದೇನೆ, ಮೇಲಿನ ಕಚೇರಿಗೆ ಕಳಿಸುವ ಪತ್ರವನ್ನು ಬರೆದಿದ್ದೇನೆ. ಬರದ ಪರಿಹಾರ, ಬೆಳೆವಿಮೆ, ಶೇಂಗಾ ಬೆಲೆ, ಅಂಗನವಾಡಿ ಕಾರ್ಯಕರ್ತೆಯರ ಗೌರವಧನ, ವಿದ್ಯಾರ್ಥಿವೇತನ, ದೂರದ ಯಾವುದೋ ರಾಜ್ಯದಲ್ಲಿ ನಡೆದ ಅತ್ಯಾಚಾರ, ಊರಿನ ಸ್ಮಶಾನದ ಜಾಗ, ಹೀಗೆ ವಿಷಯ ಯಾವುದೇ ಇರಲಿ, ವಿಳಾಸ ಮಾತ್ರ ಒಂದೇ ಆಗಿರುತ್ತಿತ್ತು.

ಈಚೆಗೆ ನಗರದಲ್ಲಿ ನಡೆದ ಸಭೆಯೊಂದರಲ್ಲಿ ಕೇಳಿದ ಮಾತುಗಳು ಈ ಪತ್ರಕ್ಕೆ ಕಾರಣವಾದವು. ದೇಶದ ನಿರುದ್ಯೋಗ, ಬೆಲೆಯೇರಿಕೆ, ರೈತರ ಸಾಲ ಎಲ್ಲಕ್ಕೂ ದೇಶದ ಪ್ರಥಮ ಪ್ರಜೆಯೇ ಉತ್ತರ ಹೇಳಬೇಕೆಂದು ಒಬ್ಬರು ಆವೇಶದಿಂದ ವಾದಿಸಿದರು. ಅವರ ಬಳಿಕ ಮಾತಾಡಿದವರು, ರಾಷ್ಟ್ರಪತಿ ಎಂದರೆ ಬರೀ ರಬ್ಬರ್ ಸ್ಟಾಂಪ್, ಅವರನ್ನು ದೂರುವುದೂ ವ್ಯರ್ಥ, ಕೇಳುವುದೂ ವ್ಯರ್ಥ ಎಂದರು. ಇಬ್ಬರಿಗೂ ಚಪ್ಪಾಳೆ ಬಿತ್ತು. ಇವೆರಡರಲ್ಲಿ ಯಾವುದನ್ನು ಒಪ್ಪಿದರೂ ನಮ್ಮ ಜನಕ್ಕೆ ನಷ್ಟವೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಯಾರ ಕೈಯಲ್ಲಿ ಎಷ್ಟು ಅಧಿಕಾರ ಇತ್ತೋ ಅವರ ಮೇಲೆ ಅಷ್ಟೇ ಹೊಣೆ ಹೊರಿಸಬೇಕು. ಅದಕ್ಕಿಂತ ಹೆಚ್ಚು ಹೊರಿಸಿದರೆ ನಿಜವಾದ ಹೊಣೆಗಾರರು ನುಣುಚಿಕೊಳ್ಳುತ್ತಾರೆ, ಕಡಿಮೆ ಹೊರಿಸಿದರೆ ರಾಷ್ಟ್ರಪತಿ ಭವನವೇ ನುಣುಚಿಕೊಳ್ಳುತ್ತದೆ.

ಮೊದಲು, ತಾವು ಕೊಟ್ಟ ಪತ್ರ ಏನಾಗುತ್ತದೆ ಎಂಬುದನ್ನು ಹೇಳುತ್ತೇನೆ. ತಾಲ್ಲೂಕು ಕಚೇರಿಯ ಆವಕ ವಹಿಯಲ್ಲಿ ಅದಕ್ಕೊಂದು ಸಂಖ್ಯೆ ಬೀಳುತ್ತದೆ. ವಿಷಯ ನಿರ್ವಾಹಕರು ಒಂದು ಸಾಲಿನ ಪತ್ರ ಲಗತ್ತಿಸಿ ಜಿಲ್ಲಾಧಿಕಾರಿ ಕಚೇರಿಗೆ ಕಳಿಸುತ್ತಾರೆ, ಅಲ್ಲಿಂದ ಅದು ಸರ್ಕಾರಕ್ಕೆ ಹೋಗುತ್ತದೆ. ದೆಹಲಿ ಮುಟ್ಟಿದ ಪತ್ರವನ್ನು ರಾಷ್ಟ್ರಪತಿಯವರ ಸಚಿವಾಲಯವು ಸಂಬಂಧಪಟ್ಟ ಕೇಂದ್ರ ಸಚಿವಾಲಯಕ್ಕೋ ರಾಜ್ಯದ ಮುಖ್ಯ ಕಾರ್ಯದರ್ಶಿಗಳಿಗೋ ‘ಸೂಕ್ತ ಕ್ರಮಕ್ಕಾಗಿ’ ರವಾನಿಸುತ್ತದೆ. ರಾಜ್ಯಕ್ಕೆ ಬಂದ ಪತ್ರ ಇಲಾಖೆಗೆ, ಇಲಾಖೆಯಿಂದ ಜಿಲ್ಲೆಗೆ, ಜಿಲ್ಲೆಯಿಂದ ವರದಿ ಕೇಳಿ ಮತ್ತೆ ತಾಲ್ಲೂಕಿಗೆ ಇಳಿಯುತ್ತದೆ. ಮೊದಲ ದಿನವೇ ತಹಶೀಲ್ದಾರರ ಹೆಸರಿಗೆ ಬರೆದಿದ್ದರೆ ಅವರೇ ತೀರ್ಮಾನಿಸಬೇಕಾಗಿದ್ದ ಸಂಗತಿ ದೇಶ ಸುತ್ತಿ ಅವರ ಮೇಜಿಗೇ ಬಂದಿರುತ್ತದೆ. ಅಷ್ಟರಲ್ಲಿ ತಹಶೀಲ್ದಾರರು ವರ್ಗವಾಗಿರುತ್ತಾರೆ, ಹಂಗಾಮು ಮುಗಿದಿರುತ್ತದೆ, ಧರಣಿಯಲ್ಲಿ ಕುಳಿತಿದ್ದವರಿಗೆ ಹಿಂಬರಹ, ಅಂದರೆ ಕಚೇರಿಯ ಲಿಖಿತ ಉತ್ತರ ಕೂಡ ಸಿಕ್ಕಿರುವುದಿಲ್ಲ. ಕಚೇರಿಯ ಒಳಗಿದ್ದವನಾಗಿ ಇನ್ನೊಂದು ಮಾತನ್ನೂ ಹೇಳಬೇಕು. ತಮ್ಮ ಹೆಸರಿಗೆ ಬಂದ ಮನವಿಗೆ ಅಧಿಕಾರಿ ಉತ್ತರ ಕೊಡಲೇಬೇಕಾಗುತ್ತದೆ. ‘ಮೂಲಕ’ ಎಂದು ಬಂದ ಮನವಿಯನ್ನು ಕಳಿಸಿಬಿಟ್ಟರೆ ಅವರ ಕೆಲಸ ಮುಗಿಯಿತು. ರಾಷ್ಟ್ರಪತಿಯವರ ವಿಳಾಸ ಇರುವ ಪತ್ರ ಕಂಡಾಗ ಕಚೇರಿಯಲ್ಲಿ ಯಾರಿಗೂ ಆತಂಕವಾಗುತ್ತಿರಲಿಲ್ಲ. ಈ ಮಾತನ್ನು ತಾವು ದಯವಿಟ್ಟು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ರಾಷ್ಟ್ರಪತಿಯವರಿಗೆ ಸಂವಿಧಾನ ಕೊಟ್ಟ ಸ್ಥಾನ ಯಾವುದು? 53ನೇ ವಿಧಿಯ ಪ್ರಕಾರ ಕೇಂದ್ರದ ಕಾರ್ಯಾಂಗದ ಅಧಿಕಾರವೆಲ್ಲ ಅವರಲ್ಲೇ ಇದೆ. ಅದನ್ನಷ್ಟೇ ಓದಿದವರು ಎಲ್ಲಕ್ಕೂ ಅವರೇ ಹೊಣೆ ಎನ್ನುವುದು ಸಹಜ. ಆದರೆ 74ನೇ ವಿಧಿಯು ಅವರು ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕು ಎನ್ನುತ್ತದೆ, 75ನೇ ವಿಧಿಯು ಆ ಮಂತ್ರಿಮಂಡಲ ಒಟ್ಟಾಗಿ ಲೋಕಸಭೆಗೆ ಹೊಣೆ ಎನ್ನುತ್ತದೆ. ಸಂವಿಧಾನದ ಕರಡನ್ನು ಮಂಡಿಸಿದ 1948ರ ನವೆಂಬರ್‌ನಲ್ಲೇ ಡಾ. ಅಂಬೇಡ್ಕರ್ ಅವರು, ರಾಷ್ಟ್ರಪತಿ ರಾಷ್ಟ್ರವನ್ನು ಪ್ರತಿನಿಧಿಸುತ್ತಾರೆಯೇ ಹೊರತು ಆಳುವುದಿಲ್ಲ ಎಂಬುದನ್ನು ಸಭೆಗೆ ಬಿಡಿಸಿ ಹೇಳಿದ್ದರು. ಸಂಸತ್ತಿನ ಜಂಟಿ ಅಧಿವೇಶನದಲ್ಲಿ ರಾಷ್ಟ್ರಪತಿ ಓದುವ ಭಾಷಣ ಕೂಡ ಮಂತ್ರಿಮಂಡಲ ಬರೆದುಕೊಟ್ಟದ್ದು. ಇನ್ನು, ಅವರನ್ನು ಪದಚ್ಯುತಗೊಳಿಸುವ 61ನೇ ವಿಧಿಯನ್ನು ಗಮನಿಸಿ. ಅದರಡಿ ಹೊರಿಸಬಹುದಾದ ಆರೋಪ ಒಂದೇ, ಸಂವಿಧಾನದ ಉಲ್ಲಂಘನೆ. ಬೆಲೆ ಏರಿದ್ದಕ್ಕೆ, ಮಳೆ ಬಾರದ್ದಕ್ಕೆ, ಕೆಲಸ ಸಿಗದಿದ್ದಕ್ಕೆ ರಾಷ್ಟ್ರಪತಿಯನ್ನು ಇಳಿಸಲು ಬರುವುದಿಲ್ಲ; ಅದಕ್ಕೆ ಸರ್ಕಾರವನ್ನು ಇಳಿಸಬಹುದು. ಹೊಣೆಯನ್ನು ಎಲ್ಲಿ ಹೇಗೆ ಹಂಚಬೇಕೆಂಬುದನ್ನು ಸಂವಿಧಾನವೇ ತೂಗಿ ಇಟ್ಟಿದೆ.

ನಮ್ಮ ಯುವಕರಲ್ಲಿ ಗೊಂದಲಕ್ಕೆ ಇನ್ನೊಂದು ಕಾರಣವೂ ಇದೆ. ಟಿವಿಯಲ್ಲೂ ಮೊಬೈಲಿನಲ್ಲೂ ಅವರು ದಿನವಿಡೀ ನೋಡುವುದು ಅಮೆರಿಕದ ಅಧ್ಯಕ್ಷರನ್ನು. ಅಲ್ಲಿ ಕಾರ್ಯಾಂಗದ ಅಧಿಕಾರ ನಿಜವಾಗಿಯೂ ಒಬ್ಬರ ಕೈಯಲ್ಲಿದೆ. 2025ರ ಆಗಸ್ಟ್‌ನಲ್ಲಿ ಭಾರತದ ಸರಕುಗಳ ಮೇಲೆ ಶೇ 50ರಷ್ಟು ಸುಂಕ ಬಿದ್ದದ್ದು ಅಲ್ಲಿನ ಅಧ್ಯಕ್ಷರ ಆದೇಶದಿಂದ, ಆದ್ದರಿಂದ ಅದರ ಹೊಣೆ ಅವರದೇ. ಅಲ್ಲಿಯೂ ಬಡ್ಡಿದರವನ್ನು ನಿರ್ಧರಿಸುವುದು ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್, ಖಜಾನೆಯ ಬೀಗದ ಕೈ ಇರುವುದು ಅಲ್ಲಿನ ಸಂಸತ್ತಾದ ಕಾಂಗ್ರೆಸ್ ಬಳಿ. 1929ರ ಆರ್ಥಿಕ ಕುಸಿತದ ಬಳಿಕ ಬೀದಿಗೆ ಬಿದ್ದವರ ಗುಡಿಸಲು ಸಾಲುಗಳಿಗೆ ಜನ ಅಧ್ಯಕ್ಷ ಹೂವರ್ ಅವರ ಹೆಸರನ್ನೇ ಇಟ್ಟರು. ಆ ಕುಸಿತಕ್ಕೆ ಅವರೊಬ್ಬರೇ ಕಾರಣರಲ್ಲದಿದ್ದರೂ, ನಂತರ ಮಾಡಬೇಕಾದದ್ದನ್ನು ಮಾಡಲಿಲ್ಲವೆಂಬ ದೂರಿಗೆ ಉತ್ತರ ಹೇಳಲು ಅವರು 1932ರಲ್ಲಿ ಜನರ ಮುಂದೆ ಮತಕ್ಕೆ ನಿಲ್ಲಬೇಕಾಯಿತು, ಸೋತರು. ನಮ್ಮ ರಾಷ್ಟ್ರಪತಿ ಜನರ ನೇರ ಮತಕ್ಕೆ ನಿಲ್ಲುವವರಲ್ಲ. ಅಲ್ಲಿನ ಅಳತೆಯನ್ನು ಇಲ್ಲಿಗೆ ತಂದರೆ ಲೆಕ್ಕ ತಪ್ಪುತ್ತದೆ.

ಈಗ ನಮ್ಮ ಜಿಲ್ಲೆಯ ಸಂಗತಿಗಳಿಗೆ ಬರುತ್ತೇನೆ. ಭದ್ರಾ ಮೇಲ್ದಂಡೆ ಯೋಜನೆಗಾಗಿ ನಡೆದಷ್ಟು ಹೋರಾಟ ಈ ಭಾಗದಲ್ಲಿ ಬೇರಾವುದಕ್ಕೂ ನಡೆದಿಲ್ಲ. ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ 2.25 ಲಕ್ಷ ಹೆಕ್ಟೇರ್‌ಗೆ ಸೂಕ್ಷ್ಮ ನೀರಾವರಿ ಒದಗಿಸುವ, ಕೆರೆಗಳನ್ನು ತುಂಬಿಸುವ ಯೋಜನೆ ಅದು. 2023ರ ಫೆಬ್ರುವರಿ 1ರಂದು ಕೇಂದ್ರ ಬಜೆಟ್‌ನಲ್ಲಿ ಅದಕ್ಕೆ 5,300 ಕೋಟಿ ರೂಪಾಯಿ ಘೋಷಣೆಯಾಯಿತು. ಘೋಷಿಸಿದವರು ಹಣಕಾಸು ಸಚಿವರು. ಹಣ ಬಿಡುಗಡೆಗೆ ಒಪ್ಪಿಗೆ ಕೊಡಬೇಕಾದದ್ದು ಕೇಂದ್ರ ಸಚಿವ ಸಂಪುಟ ಮತ್ತು ಜಲಶಕ್ತಿ ಸಚಿವಾಲಯ. ಕಾಮಗಾರಿ ನಡೆಸಬೇಕಾದದ್ದು ರಾಜ್ಯದ ವಿಶ್ವೇಶ್ವರಯ್ಯ ಜಲ ನಿಗಮ, ಭೂಸ್ವಾಧೀನದ ಹೊಣೆ ರಾಜ್ಯದ್ದು. ಹಣ ಯಾಕೆ ಬರಲಿಲ್ಲವೆಂದು ಕೇಳಿದರೆ ರಾಜ್ಯದವರು ಕೇಂದ್ರದತ್ತ ಬೆರಳು ತೋರಿಸುತ್ತಾರೆ, ಕೇಂದ್ರದವರು ಕಾಗದಪತ್ರ ಸರಿಯಾಗಿಲ್ಲವೆಂದು ರಾಜ್ಯದತ್ತ ತೋರಿಸುತ್ತಾರೆ. ಇಂಥ ಹೊತ್ತಿನಲ್ಲಿ ನಾವು ಮಾಡಬೇಕಾದದ್ದು ಇಬ್ಬರನ್ನೂ ಒಂದೇ ವೇದಿಕೆಗೆ ಕರೆದು, ಯಾವ ದಿನಾಂಕದ ಯಾವ ಪತ್ರಕ್ಕೆ ಯಾರು ಉತ್ತರ ಕೊಟ್ಟಿಲ್ಲ ಎಂದು ಕೇಳುವುದು. ಆ ಬಿಗಿಯಾದ ಪ್ರಶ್ನೆಯನ್ನು ಬಿಟ್ಟು ನಾವು ರಾಷ್ಟ್ರಪತಿಯವರಿಗೆ ಮನವಿ ಕೊಟ್ಟು ಬಂದೆವು. ಲೋಕಸಭಾ ಸದಸ್ಯರೂ ಶಾಸಕರೂ ಅದೇ ಮನವಿಗೆ ಬೆಂಬಲ ಸೂಚಿಸಿದರು. ಉತ್ತರ ಹೇಳಬೇಕಾದವರೇ ನಮ್ಮ ಜೊತೆ ನಿಂತು ಕೇಳುವವರಾದರು.

ತುಮಕೂರಿನಿಂದ ಚಿತ್ರದುರ್ಗದ ಮೂಲಕ ದಾವಣಗೆರೆಗೆ ಹೋಗುವ ನೇರ ರೈಲು ಮಾರ್ಗದ ವಿಳಂಬದ ಕಥೆಯೂ ಇದೇ ಬಗೆಯದು, ಅದನ್ನು ಬೆಳೆಸುವುದಿಲ್ಲ.

ಬೆಳೆವಿಮೆಯ ವಿಷಯವನ್ನು ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು. ಚಳ್ಳಕೆರೆ, ಮೊಳಕಾಲ್ಮುರು, ಹಿರಿಯೂರು ಭಾಗದ ಶೇಂಗಾ ಬೆಳೆಗಾರರ ಮನವಿಗಳನ್ನು ನಾನು ಅತಿ ಹೆಚ್ಚು ಕಂಡಿದ್ದೇನೆ. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ 2016ರಲ್ಲಿ ಜಾರಿಗೆ ಬಂತು. ಮುಂಗಾರಿನ ಆಹಾರ ಮತ್ತು ಎಣ್ಣೆಕಾಳು ಬೆಳೆಗಳಿಗೆ ರೈತ ಕಟ್ಟುವುದು ವಿಮಾ ಮೊತ್ತದ ಶೇ 2, ಮಿಕ್ಕ ಪ್ರೀಮಿಯಂ ಕೇಂದ್ರ ಮತ್ತು ರಾಜ್ಯ ಸರ್ಕಾರಗಳದು. ನಷ್ಟ ಆಯಿತೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಬೆಳೆ ಕಟಾವು ಪ್ರಯೋಗ. ಆಯ್ದ ಹೊಲದಲ್ಲಿ ಗೊತ್ತುಪಡಿಸಿದ ಅಳತೆಯ ಜಾಗದ ಬೆಳೆಯನ್ನು ಕಿತ್ತು, ತೂಗಿ, ಹಿಂದಿನ ವರ್ಷಗಳ ಸರಾಸರಿಯೊಂದಿಗೆ ಹೋಲಿಸುತ್ತಾರೆ. ಈ ಕೆಲಸ ನಡೆಯುವುದು ನಮ್ಮ ಹೊಲಗಳಲ್ಲಿ, ಮಾಡುವವರು ಕಂದಾಯ, ಕೃಷಿ, ಪಂಚಾಯಿತಿ ಇಲಾಖೆಗಳ ಕೆಳಹಂತದ ನೌಕರರು. ಆ ದಿನ ಹೊಲದ ಬದುವಿನಲ್ಲಿ ನಿಂತು ನೋಡಲು ರೈತರಿಗೂ ಅವಕಾಶವಿದೆ. ಬೆಳೆ ಸಮೀಕ್ಷೆಯ ಆ್ಯಪ್‌ನಲ್ಲಿ ಶೇಂಗಾ ಇದ್ದ ಹೊಲಕ್ಕೆ ಬೇರೆ ಬೆಳೆ ದಾಖಲಾದರೆ, ವಿಮೆ ಕಟ್ಟಿದ ಬೆಳೆಗೂ ಸಮೀಕ್ಷೆಯ ಬೆಳೆಗೂ ತಾಳೆಯಾಗದೆ ಅರ್ಜಿ ತಿರಸ್ಕೃತವಾಗುತ್ತದೆ. ಆಕ್ಷೇಪಣೆ ಸಲ್ಲಿಸಲು ಒಂದು ಅವಧಿ ಇರುತ್ತದೆ, ಅದು ಮುಗಿದ ಮೇಲೆ ಯಾರೂ ಏನೂ ಮಾಡಲು ಬರುವುದಿಲ್ಲ. ಆ ಅವಧಿಯಲ್ಲಿ ರೈತ ಸಂಪರ್ಕ ಕೇಂದ್ರದ ಮುಂದೆ ನಿಲ್ಲಬೇಕಾಗಿದ್ದ ರೈತರು, ಅವಧಿ ಮುಗಿದು ತಿಂಗಳಾದ ಮೇಲೆ ರಾಷ್ಟ್ರಪತಿಯವರಿಗೆ ಮನವಿ ಹಿಡಿದು ಬಂದದ್ದನ್ನು ನಾನು ನೋಡಿದ್ದೇನೆ. ಅವರ ನಷ್ಟ ನಿಜವಾಗಿತ್ತು. ಅವರಿಗೆ ದಾರಿ ತೋರಿಸಬೇಕಾದ ಮುಂದಾಳುಗಳು ಅವರನ್ನು ತಪ್ಪು ಬಾಗಿಲಿಗೆ ಕರೆತಂದಿದ್ದರು. ಈ ಮಾತು ಕಟುವಾಯಿತೆಂದು ತಮಗೆ ಅನ್ನಿಸಬಹುದು, ಆದರೆ ಹೇಳದೆ ವಿಧಿಯಿಲ್ಲ.

ಮೆಕ್ಕೆಜೋಳದ ಬೆಂಬಲ ಬೆಲೆಯೂ ಹಾಗೆಯೇ. 2025-26ಕ್ಕೆ ಕ್ವಿಂಟಲ್‌ಗೆ 2,400 ರೂಪಾಯಿ ಎಂದು ನಿಗದಿಪಡಿಸಿದ್ದು ಕೇಂದ್ರ ಸಚಿವ ಸಂಪುಟದ ಆರ್ಥಿಕ ವ್ಯವಹಾರಗಳ ಸಮಿತಿ. ಖರೀದಿ ಕೇಂದ್ರ ತೆರೆಯುವುದು, ಬಿಡುವುದು ರಾಜ್ಯ ಮತ್ತು ಕೇಂದ್ರ ಸರ್ಕಾರಗಳ ನಡುವಿನ ಮಾತು. 2023ರ ಆಗಸ್ಟ್‌ನಲ್ಲಿ ನಮ್ಮ ನಗರದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು, ನೂರಾರು ಮಂದಿ ಆಸ್ಪತ್ರೆ ಸೇರಿದರು. ಕುಡಿಯುವ ನೀರಿನಷ್ಟು ಹತ್ತಿರದ ವಿಷಯ ಬೇರೊಂದಿಲ್ಲ. ಅದರ ಹೊಣೆಯನ್ನು ನಗರಾಡಳಿತದಿಂದ ಒಂದು ಮೆಟ್ಟಿಲು ಮೇಲೆ ಹತ್ತಿಸಿದರೂ, ನೀರಿನ ತೊಟ್ಟಿ ತೊಳೆಯಬೇಕಾದವರು, ಪರೀಕ್ಷೆ ಮಾಡಿಸಬೇಕಾದವರು, ಕೊಳವೆ ಒಡೆದರೆ ನೋಡಬೇಕಾದವರು ನೆಮ್ಮದಿಯಾಗಿ ಇದ್ದುಬಿಡುತ್ತಾರೆ.

ಇಷ್ಟು ಓದಿ, ಹಾಗಾದರೆ ರಾಷ್ಟ್ರಪತಿಯವರ ಮೇಲೆ ಹೊಣೆಯೇ ಇಲ್ಲವೆಂದು ನಾನು ಹೇಳುತ್ತಿದ್ದೇನೆಂದು ತಾವು ಭಾವಿಸಬಾರದು. ಹೊಣೆ ಇದೆ, ಅದು ಗುರುತರವಾದದ್ದು. 74ನೇ ವಿಧಿಯಡಿ ಅವರು ಮಂತ್ರಿಮಂಡಲದ ಸಲಹೆಯನ್ನು ಒಮ್ಮೆ ಮರುಪರಿಶೀಲನೆಗೆ ಹಿಂದಿರುಗಿಸಬಹುದು. 78ನೇ ವಿಧಿಯಡಿ ಪ್ರಧಾನಮಂತ್ರಿಯಿಂದ ಮಾಹಿತಿ ತರಿಸಿಕೊಳ್ಳಬಹುದು. 86ನೇ ವಿಧಿಯಡಿ ಸಂಸತ್ತಿಗೆ ಸಂದೇಶ ಕಳಿಸಬಹುದು. 111ನೇ ವಿಧಿಯಡಿ ಹಣಕಾಸು ಮಸೂದೆಯಲ್ಲದ ಮಸೂದೆಯನ್ನು ವಾಪಸು ಕಳಿಸಬಹುದು. ಯಾರಿಗೂ ಬಹುಮತ ಇಲ್ಲದಾಗ ಪ್ರಧಾನಮಂತ್ರಿಯಾಗಿ ಯಾರನ್ನು ಕರೆಯಬೇಕೆಂಬುದನ್ನು ಸ್ವತಃ ತೀರ್ಮಾನಿಸಬೇಕಾಗುತ್ತದೆ. ಆಯಾ ದಿನ ಅವರ ಮುಂದೆ ಯಾವ ದಾರಿ ತೆರೆದಿತ್ತು, ಅದನ್ನು ಹಿಡಿದರೇ ಬಿಟ್ಟರೇ ಎಂಬುದರ ಮೇಲೆಯೇ ಅವರನ್ನು ಅಳೆಯಬೇಕು.

1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿಯ ಘೋಷಣೆಗೆ ಆಗಿನ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ಅವರು ಸಹಿ ಹಾಕಿದಾಗ ಸಚಿವ ಸಂಪುಟ ಸೇರಿರಲಿಲ್ಲ. ಅದು ಸೇರಿ ಒಪ್ಪಿದ್ದು ಮರುದಿನ ಬೆಳಿಗ್ಗೆ. ಸಂಪುಟದ ತೀರ್ಮಾನ ಎಲ್ಲಿ ಎಂಬ ಒಂದು ಪ್ರಶ್ನೆಯನ್ನು ಅವರು ಆ ರಾತ್ರಿ ಕೇಳಬಹುದಾಗಿತ್ತು. ಪ್ರಧಾನಿಯವರು ಮಾಡಿದ್ದಕ್ಕೆ ಪ್ರಧಾನಿಯೇ ಮುಖ್ಯ ಹೊಣೆ ಎಂಬುದು ನಿಜವಾದರೂ ಕೇಳದೆ ಹಾಕಿದ ಆ ಸಹಿಯ ಹೊಣೆ ರಾಷ್ಟ್ರಪತಿಯವರದೇ. 1978ರ 44ನೇ ತಿದ್ದುಪಡಿಯು ಸಂಪುಟದ ತೀರ್ಮಾನ ಲಿಖಿತವಾಗಿ ಬಾರದೆ ಇಂಥ ಘೋಷಣೆ ಹೊರಡಿಸಬಾರದೆಂದು ಕಡ್ಡಾಯ ಮಾಡಿತು. ಸಲಹೆಯನ್ನು ಒಮ್ಮೆ ಹಿಂದಿರುಗಿಸುವ ಅಧಿಕಾರವನ್ನು ಸಂವಿಧಾನದಲ್ಲಿ ಬರೆದದ್ದೂ ಅದೇ ತಿದ್ದುಪಡಿ.

ಈ ಅಳತೆಯಲ್ಲಿ ನಮ್ಮವರೇ ಆದ ಬಿ.ಡಿ. ಜತ್ತಿಯವರ ಪ್ರಸಂಗವನ್ನೂ ನೋಡಬಹುದು. 1977ರಲ್ಲಿ ಅವರು ಹಂಗಾಮಿ ರಾಷ್ಟ್ರಪತಿಯಾಗಿದ್ದಾಗ ಜನತಾ ಸರ್ಕಾರ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಲು ಹೇಳಿತು. ಅವರು ತಕ್ಷಣ ಸಹಿ ಹಾಕದೆ ಹಿಂಜರಿದರು, ಕೊನೆಗೆ ಹಾಕಿದರು. ಆಗ ಜಾರಿಯಲ್ಲಿದ್ದದ್ದು 42ನೇ ತಿದ್ದುಪಡಿ. ಸಲಹೆಗೆ ಅವರು ಬದ್ಧರು, ಹಿಂದಿರುಗಿಸುವ ಅವಕಾಶದ ಮಾತೇ ಅದರಲ್ಲಿರಲಿಲ್ಲ. ಹಾಗಾಗಿ ಅವರ ಮೇಲೆ ಹೆಚ್ಚು ಹೊಣೆ ಹೊರಿಸುವುದು ನ್ಯಾಯವಲ್ಲ. 1989ರ ಏಪ್ರಿಲ್‌ನಲ್ಲಿ ನಮ್ಮ ರಾಜ್ಯದ ಎಸ್.ಆರ್. ಬೊಮ್ಮಾಯಿ ಸರ್ಕಾರವನ್ನು ವಜಾ ಮಾಡಿದಾಗ ಸ್ಥಿತಿ ಬೇರೆಯಾಗಿತ್ತು. ಸದನದಲ್ಲಿ ಬಹುಮತ ತೋರಿಸುತ್ತೇನೆಂದು ಮುಖ್ಯಮಂತ್ರಿ ಕೇಳಿಕೊಂಡಿದ್ದರು, ರಾಜ್ಯಪಾಲರು ಅವಕಾಶ ಕೊಡದೆ ವರದಿ ಕಳಿಸಿದರು. ಸಲಹೆಯನ್ನು ಒಮ್ಮೆ ಹಿಂದಿರುಗಿಸಿ, ಸದನದಲ್ಲಿ ಪರೀಕ್ಷೆ ಏಕೆ ನಡೆಯಲಿಲ್ಲವೆಂದು ಕೇಳುವ ಅಧಿಕಾರ ರಾಷ್ಟ್ರಪತಿ ಆರ್. ವೆಂಕಟರಾಮನ್ ಅವರಿಗೆ ಇತ್ತು. ಅವರು ಕೇಳಲಿಲ್ಲ. 1994ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು ಆ ವಜಾ ಸಂವಿಧಾನಬಾಹಿರವೆಂದು ಹೇಳಿತು, ಆ ಹೊತ್ತಿಗೆ ರಾಜ್ಯದಲ್ಲಿ ಮತ್ತೊಂದು ವಿಧಾನಸಭೆಯ ಅವಧಿಯೇ ಮುಗಿಯುತ್ತ ಬಂದಿತ್ತು. ಕನ್ನಡಿಗರಾದ ನಮಗೆ ರಾಷ್ಟ್ರಪತಿಯವರ ಒಂದು ಸಹಿಯ ಬೆಲೆ ಎಷ್ಟೆಂಬುದು ಗೊತ್ತಿರಬೇಕು.

ಕೇಳಿದರೆ ಏನಾಗುತ್ತದೆ ಎಂಬುದಕ್ಕೂ ನಿದರ್ಶನವಿದೆ. 1997ರಲ್ಲಿ ಉತ್ತರಪ್ರದೇಶದ ಮೇಲೆ, 1998ರಲ್ಲಿ ಬಿಹಾರದ ಮೇಲೆ ರಾಷ್ಟ್ರಪತಿ ಆಳ್ವಿಕೆ ಹೇರಲು ಬಂದ ಸಲಹೆಗಳನ್ನು ಆಗಿನ ರಾಷ್ಟ್ರಪತಿ ಕೆ.ಆರ್. ನಾರಾಯಣನ್ ಹಿಂದಿರುಗಿಸಿದರು. ಎರಡು ಬೇರೆ ಬೇರೆ ಪಕ್ಷಗಳ ಸರ್ಕಾರಗಳ ಸಲಹೆಗಳು ಅವು, ಎರಡನ್ನೂ ಆ ಸರ್ಕಾರಗಳು ಆಗ ಕೈಬಿಟ್ಟವು. ಅಬ್ದುಲ್ ಕಲಾಂ ಅವರು 2006ರಲ್ಲಿ ಲಾಭದಾಯಕ ಹುದ್ದೆಯ ಮಸೂದೆಯನ್ನು ವಾಪಸು ಕಳಿಸಿದರು. ಸಂಸತ್ತು ಮತ್ತೆ ಅಂಗೀಕರಿಸಿದ ಮೇಲೆ ಸಹಿ ಹಾಕಿದರು, ಅದು ಕ್ರಮವೇ. ಅದೇ ಕಲಾಂ ಅವರು 2005ರಲ್ಲಿ ಮಾಸ್ಕೋದಿಂದ ಬಿಹಾರ ವಿಧಾನಸಭೆಯ ವಿಸರ್ಜನೆಗೆ ಒಪ್ಪಿಗೆ ಕೊಟ್ಟಿದ್ದನ್ನು ಸುಪ್ರೀಂ ಕೋರ್ಟು ಸಂವಿಧಾನಬಾಹಿರವೆಂದಿತು. ನಾವು ಪ್ರೀತಿಸುವ ವ್ಯಕ್ತಿ ಎಂಬ ಕಾರಣಕ್ಕೆ ಅದನ್ನು ಮರೆಯುವಂತಿಲ್ಲ.

ನಮ್ಮ ಜಿಲ್ಲೆಗೂ ಈ ವಿಷಯಕ್ಕೂ ಒಂದು ಹಳೆಯ ನಂಟಿದೆ. 1969ರ ರಾಷ್ಟ್ರಪತಿ ಚುನಾವಣೆಯಲ್ಲಿ ಕಾಂಗ್ರೆಸ್ ಪಕ್ಷದ ಅಧಿಕೃತ ಅಭ್ಯರ್ಥಿ ನೀಲಂ ಸಂಜೀವ ರೆಡ್ಡಿ, ಪಕ್ಷದ ಅಧ್ಯಕ್ಷರು ನಮ್ಮ ಎಸ್. ನಿಜಲಿಂಗಪ್ಪನವರು. ಪ್ರಧಾನಿ ಇಂದಿರಾ ಗಾಂಧಿಯವರು ಆತ್ಮಸಾಕ್ಷಿಯ ಮತಕ್ಕೆ ಕರೆ ಕೊಟ್ಟರು, ವಿ.ವಿ. ಗಿರಿ ಗೆದ್ದರು, ಪಕ್ಷ ಒಡೆಯಿತು. ಯಾರೂ ಆಳದ ಹುದ್ದೆಗಾಗಿ ಅಷ್ಟು ದೊಡ್ಡ ಜಗಳ ನಡೆಯುತ್ತದೆಯೇ? ಅದೇ ಸಂಜೀವ ರೆಡ್ಡಿಯವರು 1977ರಲ್ಲಿ ಅವಿರೋಧವಾಗಿ ಆಯ್ಕೆಯಾದರು, 1979ರಲ್ಲಿ ಚರಣ್ ಸಿಂಗ್ ಅವರನ್ನು ಪ್ರಧಾನಿಯಾಗಿ ಕರೆದರು, ಒಂದು ದಿನವೂ ಲೋಕಸಭೆಯ ವಿಶ್ವಾಸ ಪಡೆಯದ ಆ ಪ್ರಧಾನಿಯ ಸಲಹೆಯಂತೆ ಲೋಕಸಭೆಯನ್ನೇ ವಿಸರ್ಜಿಸಿದರು. ಜಗಜೀವನ ರಾಂ ಅವರಿಗೆ ಸರ್ಕಾರ ರಚಿಸುವ ಅವಕಾಶ ಸಿಗಲಿಲ್ಲ. ದಲಿತ ನಾಯಕರೊಬ್ಬರು ಪ್ರಧಾನಿಯಾಗಬಹುದಾಗಿದ್ದ ಆ ಗಳಿಗೆಯಲ್ಲಿ ತೀರ್ಮಾನ ರಾಷ್ಟ್ರಪತಿಯವರ ಕೈಯಲ್ಲಿತ್ತು. ಸೀಬಾರದಲ್ಲಿರುವ ನಿಜಲಿಂಗಪ್ಪನವರ ಸ್ಮಾರಕದ ಮುಂದೆ ಹಾದುಹೋಗುವ ನಮ್ಮ ವಿದ್ಯಾರ್ಥಿಗಳಿಗೆ ಈ ಇತಿಹಾಸವನ್ನು ಯಾರಾದರೂ ಹೇಳಬೇಕೆಂದು ನನಗೆ ಅನ್ನಿಸುತ್ತದೆ.

ವಿಳಂಬವೂ ಒಂದು ಹೊಣೆಯೇ. ವೀರಪ್ಪನ್ ತಂಡದ ಪಾಲಾರ್ ನೆಲಬಾಂಬ್ ಪ್ರಕರಣದಲ್ಲಿ 2004ರಲ್ಲಿ ಗಲ್ಲುಶಿಕ್ಷೆಗೆ ಗುರಿಯಾದ ನಾಲ್ವರು ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿದ್ದರು. ಅವರ ಕ್ಷಮಾದಾನದ ಅರ್ಜಿಗೆ ಉತ್ತರ ಬಂದದ್ದು 2013ರಲ್ಲಿ. ಗೃಹ ಸಚಿವಾಲಯಕ್ಕೂ ರಾಷ್ಟ್ರಪತಿ ಭವನಕ್ಕೂ ನಡುವೆ ಕಡತ ಆ ವರ್ಷಗಳನ್ನು ಕಳೆಯಿತು. 2014ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅವರೂ ಸೇರಿದಂತೆ 15 ಮಂದಿಯ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿತು. ಸತ್ತ ಪೊಲೀಸರ ಮನೆಯವರಿಗೂ ಗಲ್ಲಿನ ನೆರಳಿನಲ್ಲಿದ್ದವರಿಗೂ ಆ ಕಾಯುವಿಕೆ ಕ್ರೂರವೇ. ರಾಜ್ಯಗಳು ಅಂಗೀಕರಿಸಿ ರಾಷ್ಟ್ರಪತಿಯವರ ಅಂಕಿತಕ್ಕೆ ಹೋದ ಮಸೂದೆಗಳ ವಿಷಯವೂ ಇದೇ. ಅವುಗಳಿಗೆ ನ್ಯಾಯಾಲಯ ಕಾಲಮಿತಿ ವಿಧಿಸಲಾಗದೆಂದು 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಅಭಿಪ್ರಾಯ ಕೊಟ್ಟಿದೆ. ಕೋರ್ಟು ಗಡುವು ಕೊಡಲಾರದೆಂದ ಮೇಲೆ ಕೇಳಬೇಕಾದವರು ಪ್ರಜೆಗಳೇ.

ತಮ್ಮಲ್ಲಿ ನಾನು ಅತ್ಯಂತ ನೋವಿನಿಂದ ಹೇಳಬೇಕಾದ ಮಾತೊಂದಿದೆ. ಪರಿಹಾರ ಸಿಗದ, ಜಮೀನು ಕಳೆದುಕೊಂಡ, ಸಾಲಕ್ಕೆ ಸಿಕ್ಕಿಬಿದ್ದ ಕುಟುಂಬಗಳಿಂದ ದಯಾಮರಣ ಕೋರಿ ರಾಷ್ಟ್ರಪತಿಯವರಿಗೆ ಪತ್ರ ಬರೆಸುವುದು ಹೋರಾಟದ ಒಂದು ಬಗೆಯೇ ಆಗಿಬಿಟ್ಟಿದೆ. 72ನೇ ವಿಧಿಯಲ್ಲಿರುವುದು ಶಿಕ್ಷೆಗೊಳಗಾದವರಿಗೆ ಕ್ಷಮೆ ನೀಡುವ ಅಧಿಕಾರ. ಬದುಕಿರುವ ನಿರಪರಾಧಿಗೆ ಸಾಯಲು ಅನುಮತಿ ಕೊಡುವ ಅಧಿಕಾರ ರಾಷ್ಟ್ರಪತಿಯವರಿಗೆ ಇಲ್ಲ. ಪತ್ರಿಕೆಯಲ್ಲಿ ಫೋಟೊ ಬಂದು ಹೋಗುತ್ತದೆ. ಸಹಿ ಹಾಕಿದ ಆ ತಾಯಿ, ಆ ಮುದುಕ, ದೆಹಲಿಯಿಂದ ಉತ್ತರ ಬರುತ್ತದೆಂದು ನಿಜವಾಗಿಯೂ ಕಾಯುತ್ತಾರೆ. ಕಚೇರಿಗೆ ಬಂದು ‘ಸ್ವಾಮಿ, ಏನಾದರೂ ಬಂತಾ’ ಎಂದು ಕೇಳಿದವರಿಗೆ ನಾನು ಉತ್ತರ ಹೇಳಬೇಕಾಗಿ ಬಂದಿದೆ. ಸಾಯುವ ಮಾತನ್ನು ಜನರ ಬಾಯಲ್ಲಿ ಆಡಿಸುವುದನ್ನು ದಯವಿಟ್ಟು ನಿಲ್ಲಿಸಿ. ಅಂಥ ಮನೆಗೆ ಮೊದಲು ಬೇಕಾದದ್ದು ಜೊತೆಗೆ ನಿಲ್ಲುವ ಮನುಷ್ಯರು, ಉಚಿತ ಕಾನೂನು ಸೇವಾ ಪ್ರಾಧಿಕಾರದ ವಕೀಲರು, ಸಾಲದ ಲೆಕ್ಕ ನೋಡಿ ಬ್ಯಾಂಕಿನೊಂದಿಗೆ ಮಾತಾಡುವವರು.

ತಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಮನವಿಪತ್ರ ಬರೆಯುವ ಮುನ್ನ ಆ ಕೆಲಸವನ್ನು ಮಾಡುವ, ಮಾಡದೆ ಬಿಡುವ ಅಧಿಕಾರ ಯಾರಿಗಿದೆ ಎಂದು ವಿಚಾರಿಸಿ, ಅವರ ಹುದ್ದೆಯ ಹೆಸರಿಗೇ ಬರೆಯಿರಿ, ಸ್ವೀಕೃತಿಯಲ್ಲಿ ಟಪಾಲು ಸಂಖ್ಯೆ ಪಡೆಯಿರಿ, ಹಿಂಬರಹಕ್ಕೆ ಒತ್ತಾಯಿಸಿ. ಬಾರದಿದ್ದರೆ ಮಾಹಿತಿ ಹಕ್ಕಿನಡಿ ಕಡತದ ಟಿಪ್ಪಣಿ ಹಾಳೆಯ ನಕಲು ಕೇಳಿ. ಕಡತ ಯಾರ ಬಳಿ ಎಷ್ಟು ದಿನ ಇತ್ತೆಂಬುದು ಅದರಲ್ಲಿ ಇರುತ್ತದೆ. ಕೇಂದ್ರಕ್ಕೂ ರಾಜ್ಯಕ್ಕೂ ಪಾಲಿರುವ ವಿಷಯವಾದರೆ ಎರಡು ಬೇರೆ ಪತ್ರಗಳನ್ನು ಬರೆದು, ಒಬ್ಬರಿಗೆ ಬರೆದದ್ದರ ನಕಲನ್ನು ಇನ್ನೊಬ್ಬರಿಗೆ ಕಳಿಸಿ. ರಾಷ್ಟ್ರಪತಿಯವರಿಗೆ ಬರೆಯುವುದನ್ನು ಪೂರ್ತಿ ಬಿಡಿ ಎಂದು ನಾನು ಹೇಳುವುದಿಲ್ಲ. ಅವರ ಮುಂದೆ ಅಂಕಿತಕ್ಕೆ ಬಂದ ಮಸೂದೆಯ ಬಗ್ಗೆ, ಸುಗ್ರೀವಾಜ್ಞೆಯ ಬಗ್ಗೆ, ಯಾವುದೇ ರಾಜ್ಯದ ಸರ್ಕಾರವನ್ನು ವಜಾ ಮಾಡುವ ಸಲಹೆಯ ಬಗ್ಗೆ, ಕ್ಷಮಾದಾನದ ಬಗ್ಗೆ ಬರೆಯಿರಿ. ಹಿಂದಿರುಗಿಸಿ, ಕೇಳಿ, ಕಾರಣ ತಿಳಿಸಿ ಎಂದು ಬರೆಯಿರಿ. ಆ ಪತ್ರಗಳು ಸರಿಯಾದ ವಿಳಾಸಕ್ಕೆ ಹೋಗುವ ಪತ್ರಗಳು.

ಕೊನೆಯದಾಗಿ, ಈಗಿನ ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು 2022ರ ಜುಲೈ 25ರಂದು ಅಧಿಕಾರ ವಹಿಸಿಕೊಂಡವರು, ಐದು ವರ್ಷದ ಅವಧಿ 2027ರ ಜುಲೈಗೆ ಮುಗಿಯುತ್ತದೆ. ಈ ಚುನಾವಣೆಯಲ್ಲಿ ನಮಗೆ ಮತವಿಲ್ಲ, ನಮ್ಮ ಪ್ರತಿನಿಧಿಗಳಿಗೆ ಇದೆ. 2022ರಲ್ಲಿ ಕರ್ನಾಟಕದ ಒಬ್ಬ ಶಾಸಕರ ಮತದ ಮೌಲ್ಯ 131 ಆಗಿತ್ತು, ಒಬ್ಬ ಸಂಸದರದ್ದು 700. ಮೊಳಕಾಲ್ಮುರು, ಚಳ್ಳಕೆರೆ, ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಈ ಆರೂ ಕ್ಷೇತ್ರಗಳದ್ದು ಸೇರಿ ಆ ಲೆಕ್ಕದಲ್ಲಿ 786 ಆಗುತ್ತದೆ. ಗುಪ್ತ ಮತದಾನ, ಪಕ್ಷದ ವಿಪ್ ನಡೆಯುವುದಿಲ್ಲ. ಆ ಚುನಾವಣೆಗೆ ಮೊದಲು ತಾವೆಲ್ಲ ಪಕ್ಷಭೇದವಿಲ್ಲದೆ ಒಂದಾಗಿ ಆರೂ ಶಾಸಕರನ್ನು ಹಾಗೂ ಚಿತ್ರದುರ್ಗದ ಲೋಕಸಭಾ ಸದಸ್ಯರನ್ನು ಸಾರ್ವಜನಿಕ ಸಭೆಗೆ ಕರೆಯಬೇಕು. ಕಳೆದ ಬಾರಿ ಯಾವ ಕಾರಣ ನೋಡಿ ಮತ ಹಾಕಿದಿರಿ, ಈ ಬಾರಿ ಅಭ್ಯರ್ಥಿಯಲ್ಲಿ ಏನನ್ನು ನೋಡುತ್ತೀರಿ, ಸಂಪುಟದ ತಪ್ಪು ಸಲಹೆಯನ್ನು ಹಿಂದಿರುಗಿಸುವ ಧೈರ್ಯ ಇರುವವರೇ ಎಂದು ವಿಚಾರಿಸಿದ್ದೀರಾ ಎಂದು ಕೇಳಬೇಕು. ಉತ್ತರಗಳನ್ನು ಬರೆದಿಟ್ಟುಕೊಂಡು ಅಚ್ಚು ಹಾಕಿಸಿ ಹಳ್ಳಿ ಹಳ್ಳಿಗೆ ಹಂಚಬೇಕು. ಅಂಥ ಸಭೆಗೆ ಬೇಕಾದ ಕಾಗದಪತ್ರ, ಕರಪತ್ರದ ಬರವಣಿಗೆಯ ಕೆಲಸವನ್ನು ಮಾಡಿಕೊಡಲು ನಾನು ಸಿದ್ಧನಿದ್ದೇನೆ. ದಿನಾಂಕ ತಾವು ಗೊತ್ತುಮಾಡಿ.

ತಮ್ಮ ವಿಶ್ವಾಸಿ,
ನಿವೃತ್ತ ಶಿರಸ್ತೇದಾರ್, ಕಂದಾಯ ಇಲಾಖೆ
ಚಿತ್ರದುರ್ಗ